ಸಾಲಾರ್ ಜಂಗ್ ಮ್ಯೂಸಿಯಂ ಮತ್ತು ಕೊಪ್ಪಳದ ಕಂದಾಯ

ಹೈದರಾಬಾದಿಗೆ ಹೋದ ನಮ್ಮ ಕಡೆಯವರು ಚಾರ್ಮಿನಾರ್, ಮಕ್ಕಾ ಮಸೀದಿ ನೋಡಿ, ಬಿರಿಯಾನಿ ತಿಂದು, ಹೊತ್ತು ಉಳಿದರೆ ಮೂಸಿ ನದಿಯ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಂಗೂ ಹೋಗಿಬರುತ್ತಾರೆ. ಹಳೆಯ ಗಡಿಯಾರದೊಳಗಿಂದ ಪುಟ್ಟ ಬೊಂಬೆ ಬಂದು ಗಂಟೆ ಬಾರಿಸುವುದನ್ನು ನೋಡಲು ಅಲ್ಲಿ ಜನ ಕಾದು ಕೂತಿರುತ್ತಾರೆ. ಚೀನಾದ ಪಿಂಗಾಣಿ, ಜಪಾನಿನ ಕುಸುರಿ ಕೆಲಸ, ಇರಾನಿನ ರತ್ನಗಂಬಳಿ, ಚಿನ್ನದ ನೀರಿನಲ್ಲಿ ಅಲಂಕರಿಸಿದ ಕುರ್‌ಆನ್ ಪ್ರತಿಗಳು, ಹಸಿರು ಜೇಡ್ ಕಲ್ಲಿನ ಕಠಾರಿಗಳು. ಹೊರಗೆ ಬಂದವರ ಬಾಯಲ್ಲಿ ಒಂದೇ ಮಾತು: ಇಷ್ಟೆಲ್ಲ ಒಂದೇ ಮನೆತನದವರು ಕೂಡಿಸಿದ್ದಾ!

ಕೂಡಿಸಿದ್ದು ನಿಜ. ಆದರೆ ಕಲ್ಯಾಣ ಕರ್ನಾಟಕದ ನಾವು ಇನ್ನೊಂದನ್ನೂ ಕೇಳಬೇಕು. ದುಡ್ಡು ಎಲ್ಲಿಂದ ಬಂತು?

ಅದರ ಒಂದು ಪಾಲು ಬಂದದ್ದು ಕೊಪ್ಪಳ ಮತ್ತು ಯಲಬುರ್ಗಾದಿಂದ. ನಿಜಾಮರ ಕಾಲದಲ್ಲಿ ಈ ಎರಡೂ ತಾಲೂಕುಗಳು ಹೆಸರಿಗೆ ರಾಯಚೂರು ಜಿಲ್ಲೆಯಲ್ಲಿದ್ದರೂ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಜಾಗೀರು ಅಂದರೆ ರೈತ ಕಟ್ಟಿದ ಕಂದಾಯ ಸರ್ಕಾರದ ಖಜಾನೆಗೆ ಹೋಗದೆ ಜಾಗೀರದಾರನ ದೇವಡಿಗೆ ಹೋಗುವುದು. ಎರೆ ಹೊಲದ ಜೋಳ, ಹತ್ತಿ ದೇವಡಿಯಲ್ಲಿ ಪಿಂಗಾಣಿಯಾಗಿ, ಅಮೃತಶಿಲೆಯಾಗಿ ಬದಲಾದದ್ದು ಹೀಗೆ.

ಜನ ಮುಗಿಬಿದ್ದು ನೋಡುವ 'ಮುಸುಕಿನ ರೆಬೆಕಾ' ಮೂರ್ತಿಯನ್ನೇ ತೆಗೆದುಕೊಳ್ಳಿ. ಇಟಲಿಯ ಶಿಲ್ಪಿ ಬೆಂಜೋನಿ ಕೆತ್ತಿದ್ದು. ಕಲ್ಲಿನ ಮುಸುಕಿನ ಹಿಂದೆ ಮುಖ ಕಾಣುತ್ತದೆ! 1876ರಲ್ಲಿ ಯುರೋಪ್ ಪ್ರವಾಸಕ್ಕೆ ಹೋದಾಗ ಒಂದನೆಯ ಸಾಲಾರ್ ಜಂಗ್, ಅಂದರೆ ದಿವಾನ್ ಮೀರ್ ತುರಾಬ್ ಅಲಿ ಖಾನ್, ಇದನ್ನು ರೋಮ್‌ನಲ್ಲಿ ಕೊಂಡರು. ಅದೇ ವರ್ಷ ದಖನ್ನಿನಲ್ಲಿ ಮಳೆ ಕೈಕೊಟ್ಟಿತು. 1878ರವರೆಗೂ ಎಳೆದ ಆ ಮಹಾಬರದಲ್ಲಿ ರಾಯಚೂರು, ಲಿಂಗಸುಗೂರು, ಗುಲ್ಬರ್ಗಾ ಸೀಮೆ ನಲುಗಿಹೋಯಿತು. ಮೂರ್ತಿ ಕೊಂಡದ್ದರಿಂದ ಬರ ಬಂತೆಂದು ನಾನು ಹೇಳುತ್ತಿಲ್ಲ. ಇದೇ ದಿವಾನರು ಜಿಲ್ಲಾ ಆಡಳಿತವನ್ನು ಕಟ್ಟಿದವರು, ಕಂದಾಯದ ಗುತ್ತಿಗೆ ಪದ್ಧತಿಯನ್ನು ತಡೆದವರು. ಅವರೇ 1857ರಲ್ಲಿ ಬ್ರಿಟಿಷರ ಪರ ಗಟ್ಟಿಯಾಗಿ ನಿಂತವರೂ ಹೌದು. ಮುಂದಿನ ವರ್ಷವೇ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದು, ಬ್ರಿಟಿಷ್ ಪಡೆಯೊಡನೆ ಕಾದಾಡಿ ಅಲ್ಲೇ ಪ್ರಾಣಬಿಟ್ಟ. ಒಂದೇ ಮನುಷ್ಯನ ಲೆಕ್ಕದಲ್ಲಿ ಇಷ್ಟೂ ಇದೆ.

ಸಂಗ್ರಹದ ಬಹುಭಾಗ ಮಾತ್ರ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಅವರದು. ಎರಡು ವರ್ಷ ನಿಜಾಮರ ದಿವಾನರಾಗಿದ್ದು 1914ರಲ್ಲಿ ಹುದ್ದೆ ಬಿಟ್ಟರು. ಆಮೇಲೆ ಮೂವತ್ತೈದು ವರ್ಷ ಅವರಿಗಿದ್ದದ್ದು ಇದೊಂದೇ ಹುಚ್ಚು. ಮದುವೆಯಾಗಲಿಲ್ಲ. 1949ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ಆಗಸ್ಟ್‌ನಲ್ಲಿ ಜಾಗೀರು ಪದ್ಧತಿಯೇ ರದ್ದಾಯಿತು. ಅಂಥ ಹೊತ್ತಿನಲ್ಲಿ ಈ ರಾಶಿ ಹರಾಜಾಗಿ ಹರಿದುಹಂಚಿ ಹೋಗಬಹುದಿತ್ತು. ಹಾಗಾಗಲಿಲ್ಲ. 1951ರ ಡಿಸೆಂಬರ್‌ನಲ್ಲಿ ದಿವಾನ್ ದೇವಡಿಯಲ್ಲೇ ನೆಹರೂ ಮ್ಯೂಸಿಯಂ ಉದ್ಘಾಟಿಸಿದರು. 1961ರ ಕಾಯ್ದೆಯಿಂದ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು, 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಕೊಪ್ಪಳದ ಕಂದಾಯ ಕೊನೆಗೂ ಸಾರ್ವಜನಿಕ ಆಸ್ತಿಯಾಯಿತು ಅನ್ನಿ, ಟಿಕೆಟ್ ತೆಗೆದುಕೊಂಡರೆ ಕೊಪ್ಪಳದವರೂ ನೋಡಬಹುದು!

ಬಿದ್ರಿ ಸಾಮಾನುಗಳ ಮುಂದೆ ಸ್ವಲ್ಪ ನಿಲ್ಲಿ. ಹುಕ್ಕಾ, ಪಾನದಾನ್, ಸುರಾಹಿ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ನೀರಲ್ಲಿ ಅದ್ದುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆಸ್ಥಾನದ ಬರಹಗಾರರು ಹಸ್ತಪ್ರತಿಯ ಕೊನೆಗೆ ತಮ್ಮ ಹೆಸರು ಬರೆಯುತ್ತಿದ್ದರು. ಬೀದರಿನ ಕೈಕೆಲಸದವರು ಸಾಮಾನ್ಯವಾಗಿ ಹೆಸರು ಹಾಕಲಿಲ್ಲ. ಅವರಲ್ಲಿ ಮುಸ್ಲಿಮರೂ ಇದ್ದರು, ಲಿಂಗಾಯತರೂ ಇದ್ದರು.

ಅದೇ ಊರಿನ ಪಬ್ಲಿಕ್ ಗಾರ್ಡನ್‌ನಲ್ಲಿ ಇನ್ನೊಂದು ಮ್ಯೂಸಿಯಂ ಇದೆ. 1930ರಲ್ಲಿ ಹೈದರಾಬಾದ್ ಮ್ಯೂಸಿಯಂ ಎಂದು ತೆರೆದದ್ದು, ಈಗ ತೆಲಂಗಾಣದ್ದು. ಜನ ಹೋಗುವುದು ಈಜಿಪ್ಟಿನ ಮಮ್ಮಿ ನೋಡಲು. ಅದರ ಹಿಂದಿದ್ದ ಸಂಸ್ಥಾನದ ಪುರಾತತ್ವ ಇಲಾಖೆಗೆ 1914ರಿಂದ ಸುಮಾರು ಮೂರು ದಶಕ ಮುಖ್ಯಸ್ಥರಾಗಿದ್ದವರು ಗುಲಾಮ್ ಯಜ್ದಾನಿ. ಅಜಂತಾದ ಚಿತ್ರಗಳ ರಕ್ಷಣೆ, ಬೀದರಿನ ಸ್ಮಾರಕಗಳ ಬಗೆಗಿನ 1947ರ ದೊಡ್ಡ ಗ್ರಂಥ ಅವರ ಕೆಲಸ. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಾಗ, ಇಲಾಖೆಯ ಗ್ರಂಥಮಾಲೆಯ ಮೊದಲ ಸಂಚಿಕೆಯಾಗಿ ಅದು ಅಚ್ಚಾಯಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳೂ 1932ರಲ್ಲಿ ಅದೇ ಮಾಲೆಯಲ್ಲಿ ಬಂದವು. ಯಾವ ಬಂಡೆಯನ್ನೂ ಕಿತ್ತು ಹೈದರಾಬಾದಿಗೆ ಸಾಗಿಸಲಿಲ್ಲ. ಮೂರೂ ಶಾಸನಗಳು ಇವತ್ತಿಗೂ ತಮ್ಮ ಊರಲ್ಲೇ ಇವೆ. ಸಾಲಾರ್ ಜಂಗ್ ಸಂಗ್ರಹಕ್ಕಿಂತ ನನಗೆ ಈ ಕೆಲಸವೇ ದೊಡ್ಡದು.

ವಿದ್ಯಾರ್ಥಿಗಳಿಗೆ ಒಂದು ಮಾತು. ಮ್ಯೂಸಿಯಂಗೆ ಹೋದಾಗ ಯಾವ ಫಲಕದಲ್ಲಾದರೂ ಕೊಪ್ಪಳ ಎಂಬ ಹೆಸರಿದೆಯೇ ಹುಡುಕಿ. ಆಮೇಲೆ ತಾರ್ನಾಕದ ರಾಜ್ಯ ಪತ್ರಾಗಾರಕ್ಕೂ ಹೋಗಿ. ನಿಜಾಮರ ಕಾಲದ ಕಾಗದಪತ್ರಗಳು ಅಲ್ಲಿ ಫಾರಸಿ, ಉರ್ದುವಿನಲ್ಲಿವೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಮಕ್ಕಳಿಗಿಂತ ಸಲೀಸಾಗಿ ಅವನ್ನು ಕನ್ನಡಕ್ಕೆ ತರಬಲ್ಲವರು ಯಾರಿದ್ದಾರೆ?