3,667 ಎಕರೆ ಮತ್ತು ಒಂದು ರಾಜೀನಾಮೆ

ಹೊಸಪೇಟೆಯಿಂದ ಬಳ್ಳಾರಿ ಬಸ್ಸು ಹತ್ತಿ ತೋರಣಗಲ್ಲು ದಾಟುವಾಗೆಲ್ಲ ನನಗೆ 2019 ನೆನಪಾಗುತ್ತೆ. ಸಂಡೂರು ತಾಲ್ಲೂಕಿನ 3,667 ಎಕರೆ ಸರ್ಕಾರಿ ಜಮೀನನ್ನು ಜಿಂದಾಲ್‌ಗೆ ಮಾರಲು ಮೈತ್ರಿ ಸರ್ಕಾರ ಹೊರಟಾಗ ಆಡಳಿತ ಪಕ್ಷದ ಎಚ್.ಕೆ. ಪಾಟೀಲರೇ ವಿರೋಧಿಸಿದರು. ಎಕರೆಗೆ 1.22 ಲಕ್ಷ, 1.5 ಲಕ್ಷ ಅಂದ್ರೆ ತೀರಾ ಅಗ್ಗ ಅನ್ನೋದು ಆಕ್ಷೇಪ. ಹೊಸಪೇಟೆಯ ಶಾಸಕ ಆನಂದ್ ಸಿಂಗ್ ಜುಲೈ 1ರಂದು ರಾಜೀನಾಮೆಯನ್ನೇ ಕೊಟ್ಟರು. 2021ರಲ್ಲಿ ಬಿಜೆಪಿ ಸರ್ಕಾರ ಒಪ್ಪಿ, ಸ್ವಪಕ್ಷದ ಶಾಸಕರ ಆಕ್ಷೇಪದಿಂದ ಹಿಂದೆ ಸರಿಯಿತು. 2024ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಒಪ್ಪಿಯೇಬಿಟ್ಟಿತು. ಪಾಟೀಲರು ಆಗ ಕಾನೂನು ಸಚಿವರು!

ಬಸ್ಸು ಮುಂದೆ ಕುಡತಿನಿಗೆ ಬರುತ್ತೆ. 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಇಲ್ಲಿ ಸರ್ಕಾರ ರೈತರ ಸ್ವಂತ ಹೊಲಗಳನ್ನೇ ತಗೊಂಡಿತು. ಕಾರ್ಖಾನೆ ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ರೈತರು ಧರಣಿ ಕೂತರು. ಅವರಿಗಾಗಿ ರಾಜೀನಾಮೆ ಕೊಟ್ಟ ಶಾಸಕರು ನನಗಂತೂ ನೆನಪಿಲ್ಲ. ನಿಮಗೆ?