ಫೋನಿಗೆ ಬೀಗ ಹಾಕ್ತೀವಿ, ಸಿಮ್ಮಿಗೆ?

ಸಂತೆಯಲ್ಲೋ ಬಸ್ಸಲ್ಲೋ ಫೋನ್ ಹೋದ್ರೆ ನಮ್ಮೋರು ಹೇಳೋ ಸಮಾಧಾನ ಒಂದೇ, "ಲಾಕ್ ಇದೆ ಬಿಡು, ಏನೂ ಆಗಲ್ಲ." ಅದು ಅರ್ಧ ಮಾತ್ರ ನಿಜ. ಈ ಬೀಗಗಳು ಹೇಗೆ ಬಂದವು ಅಂತ ನೋಡಿದ್ರೆ ಉಳಿದರ್ಧ ತಿಳಿಯುತ್ತೆ.

ಪಾಸ್‌ವರ್ಡ್ ಮೊದಲು ಬಂದಿದ್ದು ಕಂಪ್ಯೂಟರಿಗೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅನ್ನೋರು ಒಂದೇ ಕಂಪ್ಯೂಟರನ್ನ ಹಲವರು ಬಳಸೋ ಹಾಗೆ ಮಾಡಿದ್ರು. ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ಸಿಗಬಾರದು ಅಂತ ಪಾಸ್‌ವರ್ಡ್ ಇಟ್ರು. 1962ರಲ್ಲೇ ಅಲನ್ ಶೆರ್ ಅನ್ನೋ ವಿದ್ಯಾರ್ಥಿ, ತನಗೆ ಕಂಪ್ಯೂಟರ್ ಇನ್ನೂ ಹೆಚ್ಚು ಹೊತ್ತು ಬೇಕು ಅಂತ, ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಪ್ರಿಂಟ್ ತೆಗೆಸಿಕೊಂಡ. ಬೀಗದ ಬೆನ್ನಿಗೇ ಕಳ್ಳಗೀಲಿ ಬಂತು.

1967ರ ಜೂನ್ 27ಕ್ಕೆ ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಹಣದ ಯಂತ್ರ ಶುರುವಾಯ್ತು. ಅದರ ಹಿಂದಿದ್ದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಅವರು ಆರು ಅಂಕಿಯ ಪಿನ್ ಇಡೋಣ ಅಂದಿದ್ರಂತೆ. ನನಗೆ ನಾಲ್ಕೇ ನೆನಪಿರೋದು ಅಂತ ಹೆಂಡತಿ ಅಂದ್ರಂತೆ. ಆ ನಾಲ್ಕು ಅಂಕಿಯ ರೂಢಿ ಇವತ್ತಿಗೂ ಇದೆ. ಲೆಕ್ಕ ಹಾಕಿ, ನಾಲ್ಕು ಅಂಕಿಗೆ 10,000 ಬಗೆ, ಆರು ಅಂಕಿಗೆ 10 ಲಕ್ಷ ಬಗೆ.

1991ರಲ್ಲಿ ಸಿಮ್ ಬಂತು. ಜರ್ಮನಿಯ ಕಂಪನಿ ಮಾಡಿದ್ದು, ಮೊದಲು ಕೊಂಡಿದ್ದು ಫಿನ್‌ಲ್ಯಾಂಡಿನ ರೇಡಿಯೊಲಿಂಜಾ. ಸಿಮ್ಮಿಗೆ ಅದರದ್ದೇ ಪಿನ್ ಇದೆ, ಫೋನಿನ ಲಾಕ್ ಬೇರೆ, ಇದು ಬೇರೆ. ಮೂರು ಸಲ ತಪ್ಪು ಹೊಡೆದ್ರೆ 8 ಅಂಕಿಯ ಪಿಯುಕೆ ಕೇಳುತ್ತೆ. ಅದನ್ನೂ ಹತ್ತು ಸಲ ತಪ್ಪಿದ್ರೆ ಸಿಮ್ ಸತ್ತಂಗೇ.

1995ರ ಜುಲೈ 31ಕ್ಕೆ ಕಲ್ಕತ್ತೆಯಿಂದ ಜ್ಯೋತಿ ಬಸು ದೆಹಲಿಯ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ್ರು. ಆ ಕಾಲದಲ್ಲಿ ಸಿಮ್ ಕದ್ದೋನಿಗೆ ನಮ್ಮ ಲೆಕ್ಕದಲ್ಲಿ ಮಾತಾಡೋದಷ್ಟೇ ಲಾಭ. ಹಾಗಾಗಿ ಸಿಮ್ ಪಿನ್ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಆಮೇಲೆ 2008ರಲ್ಲಿ ಆಂಡ್ರಾಯ್ಡಿನ ಗೆರೆ ಎಳೆಯೋ ಲಾಕ್ ಬಂತು, 2013ರಲ್ಲಿ ಐಫೋನಿಗೆ ಬೆರಳಚ್ಚು ಬಂತು. ಗುದ್ದಲಿ, ಕುಡುಗೋಲು ಹಿಡಿದು ಸವೆದ ನಮ್ಮ ಬೆರಳನ್ನ ಅದು ಎಷ್ಟೋ ಸಲ ಗುರುತೇ ಹಿಡಿಯಲ್ಲ. ಗೆರೆ ಲಾಕಿನಲ್ಲಿ ಬೆರಳಿನ ಜಿಡ್ಡು ಗಾಜಿನ ಮೇಲೆ ಉಳಿದು ದಾರಿ ತೋರಿಸಿಬಿಡುತ್ತೆ. ನಮಗೆ ಆರು ಅಂಕಿಯೇ ವಾಸಿ.

2016ರಲ್ಲಿ ಯುಪಿಐ ಬಂದ ಮೇಲೆ ಆಟವೇ ಬೇರೆ. ಬ್ಯಾಂಕು, ಆಧಾರ್, ಪಿಎಂ ಕಿಸಾನ್ ಇ-ಕೆವೈಸಿ, ವಾಟ್ಸಾಪ್, ಎಲ್ಲದರ ಓಟಿಪಿ ಬರೋದು ನಮ್ಮ ನಂಬರಿಗೆ. ಕಳ್ಳನಿಗೆ ಫೋನಿನ ಲಾಕ್ ಬಿಚ್ಚೋ ಕಷ್ಟವೇ ಬೇಡ. ಸಿಮ್ ಕಿತ್ತು ತನ್ನ ಫೋನಿಗೆ ಹಾಕಿದ್ರೆ ಓಟಿಪಿ ಅವನಿಗೇ ಹೋಗುತ್ತೆ. ಅಲ್ಲಿ ತಡೆಯೋದು 1991ರ ಆ ಹಳೇ ಸಿಮ್ ಪಿನ್ ಒಂದೇ.

ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಒಳಗೆ ಸಿಮ್ ಲಾಕ್ ಹುಡುಕಿ. ಮೊದಲ ಪಿನ್ ಕಂಪನಿಯದ್ದೇ ಇರುತ್ತೆ. ಊಹೆ ಮೇಲೆ ಹೊಡೀಬೇಡಿ, ಕಸ್ಟಮರ್ ಕೇರ್ ಕೇಳಿ ಹಾಕಿ, ಆಮೇಲೆ ನಿಮ್ಮದಕ್ಕೆ ಬದಲಾಯಿಸಿ. ಸಿಮ್ ಬಂದ ದೊಡ್ಡ ಕಾರ್ಡಿನಲ್ಲಿ ಪಿಯುಕೆ ಇದ್ರೆ ಪಹಣಿ ಜೊತೆ ಎತ್ತಿಡಿ. *#06# ಒತ್ತಿ ಬರೋ 15 ಅಂಕಿಯ ಐಎಂಇಐ ಕೂಡ ಬರೆದಿಡಿ. ಫೋನ್ ಹೋದ್ರೆ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಪೊಲೀಸ್ ದೂರು ಕೊಟ್ಟು ಸಂಚಾರ್ ಸಾಥಿಯಲ್ಲಿ ಫೋನ್ ಬ್ಲಾಕ್ ಮಾಡಿಸಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಹಚ್ಚಿ.

ಮನೇಲಿ ಅಪ್ಪ ಅಮ್ಮನ ಕೀಪ್ಯಾಡ್ ಫೋನಿಗೂ ಸಿಮ್ ಲಾಕ್ ಹಾಕಬಹುದು. ಬ್ಯಾಂಕಿನ ಓಟಿಪಿ ಆ ನಂಬರಿಗೇ ಬರ್ತಿದ್ರೆ ಅದನ್ನೇ ಮೊದಲು ಮಾಡಿ.