ಕೆಲವೇ ತಿಂಗಳ ಹಲ್ಲು

ಗುಂಡ್ಲುಪೇಟೆಯಿಂದ ಕೇರಳದತ್ತ ಹೊರಟ ಹೆದ್ದಾರಿ ಮದ್ದೂರಿನ ತಪಾಸಣಾ ಗೇಟು ದಾಟಿ ಬಂಡೀಪುರದ ಕಾಡನ್ನು ಹೊಗುತ್ತದೆ. ಅದು ಆನೆಗಳ ಸೀಮೆ. ‘ದಂತ’ವೆಂದರೆ ಆನೆಯ ಕೋರೆಯೂ ಹೌದು, ಮನುಷ್ಯನ ಹಲ್ಲೂ ಹೌದು. ಈ ನಂಟು ಬರೀ ಮಾತಿನದಲ್ಲ. ಹದಿನೆಂಟನೆಯ ಶತಮಾನದ ಯೂರೋಪಿನ ಸಿರಿವಂತರು ಆನೆ, ನೀರಾನೆಗಳ ದಂತದಲ್ಲಿ ಕೆತ್ತಿದ ಹಲ್ಲು ಕಟ್ಟಿಸಿಕೊಳ್ಳುತ್ತಿದ್ದರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಹಲ್ಲುಸೆಟ್ಟಿನಲ್ಲೂ ನೀರಾನೆಯ ದಂತವಿತ್ತು. ಆದರೆ ಎಂಜಲು ತಾಗಿ ದಂತ ಬಣ್ಣಗೆಡುತ್ತಿತ್ತು, ನಾರುತ್ತಿತ್ತು. ಮುಂದಿನ ಶತಮಾನದಲ್ಲಿ ಗಂಧಕ ಬೆರೆಸಿ ಬೇಯಿಸಿದ ರಬ್ಬರು ಬಂತು. 1930ರ ದಶಕದಲ್ಲಿ ಅಕ್ರಿಲಿಕ್ ಬಂತು.

ಇವೆಲ್ಲ ವಸಡಿನ ಮೇಲೆ ಕೂರುವ ಹಲ್ಲುಗಳು. ಬೇರುಳ್ಳ ಕೃತಕ ಹಲ್ಲಿನ ದಾರಿ ತೆರೆದದ್ದು ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಂ ಉಪಕರಣವೊಂದನ್ನು ಇಟ್ಟಿದ್ದರು. ತೆಗೆಯಹೋದರೆ ಅದು ಮೂಳೆಗೆ ಬೆಸೆದುಹೋಗಿತ್ತು! 1965ರಲ್ಲಿ ಅವರು ಯೋಸ್ಟಾ ಲಾರ್ಸನ್ ಎಂಬವರ ದವಡೆಗೆ ಟೈಟಾನಿಯಂ ಬೇರು ಕೂರಿಸಿದರು. ಅದು ನಲವತ್ತು ವರ್ಷ ಬಾಳಿತು.

ಆದರೆ ಮೂಳೆಗೆ ಅವಸರವಿಲ್ಲ. ಬ್ರೋನೆಮಾರ್ಕ್ ಕ್ರಮದಲ್ಲಿ ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕಿತ್ತು. ಮುಂಬಾಯಿಯ ಹಲ್ಲು ಹೋದವರು ಅಷ್ಟು ದಿನ ನಗದೆ ಇರಲಾದೀತೆ? ತಾತ್ಕಾಲಿಕ ಹಲ್ಲಿಗೆ ಬೆಲೆ ಬಂದದ್ದು ಇಲ್ಲಿಯೇ.

ಕೂರಿಸಿದಾಗಲೇ ಬೇರು ಬಿಗಿಯಾಗಿದ್ದರೆ ವೈದ್ಯರು ಅದರ ಮೇಲೊಂದು ಪುಟ್ಟ ಕಂಬ ತಿರುಪುತ್ತಾರೆ. ಹಲ್ಲಿನಾಕಾರದ ಟೊಳ್ಳು ಚಿಪ್ಪಿಗೆ ಅಕ್ರಿಲಿಕ್ಕಿನಂಥ ರಾಳ ತುಂಬಿ ಕಂಬಕ್ಕೆ ತೊಡಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತದೆ. ಹೊರತೆಗೆದು ತಿದ್ದಿ ಹೊಳಪು ಕೊಡುತ್ತಾರೆ. ಅಂಚು ಒರಟಾಗಿದ್ದರೆ ವಸಡು ಕೆರಳುತ್ತದೆ. ನಯವಾಗಿದ್ದರೆ ಅದರ ಸುತ್ತ ಅಚ್ಚುಕಟ್ಟಾಗಿ ರೂಪುಗೊಂಡು, ಮುಂದೆ ಬರುವ ಪಿಂಗಾಣಿ ಹಲ್ಲಿಗೆ ಜಾಗ ಸಿದ್ಧಪಡಿಸುತ್ತದೆ. ಬೇರು ಬಿಗಿಯಿಲ್ಲದಿದ್ದರೆ ತೆಗೆದು ಹಾಕುವ ಹಲ್ಲೇ ಗತಿ.

ಈ ಹಲ್ಲಿನ ಗುಟ್ಟೊಂದಿದೆ: ಇದು ಕಾಣಲಿಕ್ಕೆ ಇದೆ, ಕಚ್ಚಲಿಕ್ಕಲ್ಲ. ಎದುರು ಹಲ್ಲಿಗೆ ತಾಗದಂತೆ ತುಸು ಗಿಡ್ಡವಾಗಿಯೇ ಮಾಡಿರುತ್ತಾರೆ. ಬೇರು ಪದೇ ಪದೇ ಅಲುಗಿದರೆ ಸುತ್ತ ಮೂಳೆ ಬೆಳೆಯದೆ ನಾರಿನ ಪೊರೆ ಬೆಳೆದು ಎಲ್ಲ ಶ್ರಮವೂ ವ್ಯರ್ಥ.

ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿ, ಮೈಸೂರಿನ ಜೆಎಸ್‌ಎಸ್ ದಂತ ಕಾಲೇಜು 1986ರಲ್ಲಿ ಆರಂಭವಾದವು. ಕಾಡಂಚಿನ ಊರಿನಿಂದ ಮೈಸೂರಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡವರಿಗೆ, ಚೆನ್ನಾಗಿ ಕಾಣುತ್ತಿದೆಯಲ್ಲ, ಮತ್ತೆ ಬಸ್ಸು ಹತ್ತುವುದೇಕೆ ಎನ್ನಿಸುವುದು ಸಹಜ. ಆದರೆ ತಾತ್ಕಾಲಿಕ ಹಲ್ಲು ಸವೆಯುತ್ತದೆ, ಸಡಿಲಾಗುತ್ತದೆ. ಕಾಯುವ ದಿನಗಳಿಗಷ್ಟೇ ಅದು ಆಸರೆ. ಕಡಲೆ ಕಡಿಯಲು ಪಿಂಗಾಣಿ ಹಲ್ಲು ಬರುವವರೆಗೆ ತಾಳಬೇಕು.